ಬೆಕ್ಕಿನ ವರ್ಷದ ಖರ್ಚು: ಸೊನ್ನೆಯೋ, ಲಕ್ಷವೋ?

ಪ್ರಶ್ನೆ: ನಾವು ವಿಜಯನಗರದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಏಳನೇ ತರಗತಿಯ ಮಗಳು ಬೆಕ್ಕು ಬೇಕೆಂದು ಹಟ ಹಿಡಿದಿದ್ದಾಳೆ. ‘ಊರಿನಲ್ಲಿ ಬೆಕ್ಕಿಗೆಂದು ಯಾರಾದರೂ ದುಡ್ಡು ಬಿಚ್ಚಿದ್ದುಂಟೇ? ಉಳಿದ ಹಾಲು ಅನ್ನ ಹಾಕಿದರೆ ಆಯಿತು’ ಎನ್ನುತ್ತಾರೆ ಅತ್ತೆ. ತಮ್ಮ ಬೆಕ್ಕಿಗೆ ವರ್ಷಕ್ಕೆ ಲಕ್ಷ ರೂಪಾಯಿಯಾದರೂ ಆಗುತ್ತದೆ ಎನ್ನುತ್ತಾರೆ ನಮ್ಮ ಕಚೇರಿಯವರೊಬ್ಬರು. ನಮ್ಮದು ಸಸ್ಯಾಹಾರಿ ಮನೆ. ನಿಜವಾಗಿ ಎಷ್ಟು ಹಣ ತೆಗೆದಿಡಬೇಕು?

ಪಶುವೈದ್ಯರ ಉತ್ತರ:

ಮೊತ್ತವನ್ನು ಮೊದಲೇ ಹೇಳಿಬಿಡುತ್ತೇನೆ, ವಾದ ಆಮೇಲೆ ಮಾಡೋಣ. ನಮ್ಮ ನಾಡ ತಳಿಯ ಒಂದು ಬೆಕ್ಕನ್ನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದಕ್ಕೂ ನಿಮಗೂ ತೊಂದರೆಯಾಗದಂತೆ ಸಾಕಲು ಈಗಿನ ದರದಲ್ಲಿ ವರ್ಷಕ್ಕೆ 33ರಿಂದ 35 ಸಾವಿರ ರೂಪಾಯಿ ಬೇಕು. ಕಾಯಿಲೆ ಕಸಾಲೆಗೆಂದು ತಿಂಗಳಿಗೆ ಒಂದು ಸಾವಿರದಂತೆ ಇನ್ನೊಂದು 12 ಸಾವಿರವನ್ನು ಬೇರೆಯಾಗಿ ಇಟ್ಟಿರಬೇಕು. ಮೊದಲ ವರ್ಷ ಮಾತ್ರ ಕಿಟಕಿಯ ಬಲೆ, ಸಂತಾನಹರಣ ಶಸ್ತ್ರಚಿಕಿತ್ಸೆಯಂಥ ಒಮ್ಮೆಯ ಖರ್ಚುಗಳಿಂದ ಇದರ ಮೇಲೆ 10ರಿಂದ 14 ಸಾವಿರ ಹೆಚ್ಚು ಬೀಳುತ್ತದೆ. ಬಡಾವಣೆಯಿಂದ ಬಡಾವಣೆಗೆ, ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ದರ ಬದಲಾಗುವುದರಿಂದ ನಾನು ಕೊಡುವ ಅಂಕಿಗಳನ್ನೆಲ್ಲ ಅಂದಾಜು ಎಂದೇ ಓದಿಕೊಳ್ಳಿ.

ನಿಮ್ಮ ಅತ್ತೆಯವರು ಹೇಳಿದ್ದು ಸುಳ್ಳಲ್ಲ. ಊರಿನ ಬೆಕ್ಕಿಗೆ ನಿಜಕ್ಕೂ ಖರ್ಚಿರಲಿಲ್ಲ. ಆದರೆ ಅದು ಬದುಕುತ್ತಿದ್ದುದು ನೀವು ಹಾಕಿದ ಹಾಲನ್ನದಿಂದಲ್ಲ. ಹಗಲು ಒಲೆಯ ಪಕ್ಕ ಮಲಗಿ ರಾತ್ರಿ ಕಣಜದಲ್ಲಿ, ಅಟ್ಟದಲ್ಲಿ, ಹಿತ್ತಲಿನಲ್ಲಿ ಇಲಿ, ಓತಿಕ್ಯಾತ, ಹಕ್ಕಿ ಹಿಡಿದು ತಿನ್ನುತ್ತಿತ್ತು. ಸಸ್ಯಾಹಾರಿಗಳ ಮನೆಯ ಬೆಕ್ಕೂ ಅಷ್ಟೇ. ಮಾಂಸದೂಟವನ್ನು ಅದು ಹೊರಗೆ ಮುಗಿಸಿಕೊಂಡು ಬರುತ್ತಿತ್ತು. ಮೂರನೇ ಮಹಡಿಯಲ್ಲಿ ಬೇಟೆಗೆ ಸಿಗುವುದು ಹಲ್ಲಿ, ಜಿರಳೆ. ಇನ್ನೊಂದು ಮಾತು, ಊರಿನ ಬೆಕ್ಕುಗಳು ಎಷ್ಟು ವರ್ಷ ಬದುಕುತ್ತಿದ್ದವು ಎಂದು ಅವರನ್ನೇ ಕೇಳಿ ನೋಡಿ. ಒಂದು ಹೋದರೆ ಇನ್ನೊಂದು ಬರುತ್ತಿತ್ತು, ಯಾರೂ ಲೆಕ್ಕ ಇಡುತ್ತಿರಲಿಲ್ಲ. ಮನೆಯೊಳಗೇ ಇರುವ ಬೆಕ್ಕು 12ರಿಂದ 15 ವರ್ಷ ಬಾಳುತ್ತದೆ, ಕೆಲವು ಇನ್ನೂ ಹೆಚ್ಚು. ನಿಮ್ಮ ಮಗಳು ಓದು ಮುಗಿಸಿ ಕೆಲಸಕ್ಕೆ ಸೇರಿದಾಗಲೂ ಈ ಬೆಕ್ಕು ನಿಮ್ಮ ಸೋಫಾದ ಮೇಲಿರುತ್ತದೆ. ಆಗ ಅದರ ಊಟದ ಹಣ ಕೊಡುವವರು ಯಾರು ಎಂಬುದನ್ನೂ ಈಗಲೇ ಮಾತನಾಡಿಕೊಳ್ಳುವುದು ಒಳ್ಳೆಯದು.

ಊಟದಿಂದ ಆರಂಭಿಸೋಣ, ಏಕೆಂದರೆ ಖರ್ಚಿನಲ್ಲಿ ಹೆಚ್ಚು ಪಾಲು ಅದರದ್ದೇ. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ಅರಸ ಬೆಕ್ಕಿನ ಜೊತೆಗೆ ಹಾಲಿಗೆಂದು ಹಸುವನ್ನೂ ಕೊಡುತ್ತಾನೆ. ನನ್ನನ್ನು ಕೇಳಿದ್ದರೆ ಹಸುವಿನ ಖರ್ಚು ಉಳಿಸಿಕೊಡುತ್ತಿದ್ದೆ. ತಾಯಿಯ ಹಾಲು ಬಿಟ್ಟ ಮೇಲೆ ಬಹಳಷ್ಟು ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗುತ್ತದೆ. ಹಾಲಿಟ್ಟರೆ ಆಸೆಯಿಂದ ಕುಡಿಯುತ್ತದೆ, ಆಮೇಲೆ ಭೇದಿ ಮಾಡಿಕೊಳ್ಳುತ್ತದೆ. ಹಾಲು ಬೇಡ, ನೀರು ಬೇಕು.

ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ಇದು ರುಚಿಯ ಮಾತಲ್ಲ. ಟಾರಿನ್ ಎಂಬ ಒಂದು ಪೋಷಕಾಂಶವನ್ನು ಬೆಕ್ಕಿನ ದೇಹ ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸ ಮೀನಿನಿಂದಲೇ ಪಡೆಯಬೇಕು. ಅದು ಸಿಗದಿದ್ದರೆ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ, ಹೃದಯದ ಗೋಡೆ ತೆಳ್ಳಗಾಗಿ ಹೃದಯ ಹಿಗ್ಗುತ್ತದೆ. ಬೆಕ್ಕುಗಳ ಈ ಹೃದಯದ ಕಾಯಿಲೆಗೂ ಟಾರಿನ್ ಕೊರತೆಗೂ ನಂಟಿದೆ ಎಂದು ಅಮೆರಿಕದ ಸಂಶೋಧಕರು 1987ರಲ್ಲಿ ತೋರಿಸಿದ ಮೇಲೆ ಕಂಪನಿಗಳು ತಮ್ಮ ಆಹಾರದಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಿದವು. ಆದ್ದರಿಂದ ಸಸ್ಯಾಹಾರಿ ಮನೆಯವರಿಗೆ ನಾನು ಮುಚ್ಚುಮರೆಯಿಲ್ಲದೆ ಹೇಳುವ ಮಾತು ಇದು: ನೀವು ಮಾಂಸ ಬೇಯಿಸಬೇಕಾಗಿಲ್ಲ, ಆದರೆ ಪೊಟ್ಟಣದಲ್ಲಿ ಬರುವುದೂ ಕೋಳಿ ಮತ್ತು ಮೀನೇ. ಅದರ ವಾಸನೆ ಮನೆಯಲ್ಲಿ ಬರುತ್ತದೆ. ಬೆಕ್ಕಿನ ತಟ್ಟೆ, ಚಮಚ, ಅದನ್ನು ತೊಳೆಯುವ ಜಾಗ ಎಲ್ಲವನ್ನೂ ಬೇರೆ ಮಾಡಿಕೊಂಡು ಬಹಳ ಮನೆಗಳು ಹೊಂದಿಕೊಂಡಿವೆ. ಅಷ್ಟೂ ಒಪ್ಪಿಗೆಯಾಗದು ಎಂದು ಅತ್ತೆಯವರು ಹೇಳಿದರೆ ಬೆಕ್ಕು ತರುವುದು ಬೇಡ. ಮೊಸರನ್ನ ತಿನ್ನಿಸಿ ಅದನ್ನು ನಿಮ್ಮ ದಾರಿಗೆ ತರಲು ಮಾತ್ರ ಹೋಗಬೇಡಿ.

ಲೆಕ್ಕ ಹೀಗಿದೆ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 60 ಗ್ರಾಂ ಡ್ರೈ ಫುಡ್, ಅಂದರೆ ಒಣ ಕಾಳಿನಂಥ ಆಹಾರ ಸಾಕು, ವರ್ಷಕ್ಕೆ 22 ಕಿಲೋ. ಸಾಧಾರಣ ಕಂಪನಿಯದು ಕಿಲೋಗೆ 350 ರೂಪಾಯಿ ಎಂದು ಹಿಡಿದರೆ 7,700 ಆಯಿತು. ಅದಕ್ಕಿಂತ ಮೇಲಿನ ದರ್ಜೆಯದು ಕಿಲೋಗೆ 800ರಿಂದ 1,000 ರೂಪಾಯಿಯವರೆಗೆ ಇದೆ. ಆಗ ಅದೇ 22 ಕಿಲೋ 20 ಸಾವಿರದ ಹತ್ತಿರ ಹೋಗುತ್ತದೆ. ಆರೋಗ್ಯವಾಗಿರುವ ಬೆಕ್ಕಿಗೆ ಈ ವ್ಯತ್ಯಾಸದ ಹಣವನ್ನು ನಾನು ದುಬಾರಿ ಕಾಳಿಗೆ ಕೊಡುವುದಿಲ್ಲ, ಪೌಚಿಗೆ, ಅಂದರೆ ಸಣ್ಣ ಪೊಟ್ಟಣದಲ್ಲಿ ಬರುವ ನೀರಿನಂಶದ ಆಹಾರಕ್ಕೆ ಕೊಡುತ್ತೇನೆ. ಕಾರಣ ನೀರು. ಬೆಕ್ಕಿನ ಪೂರ್ವಜರು ಒಣನಾಡಿನ ಕಾಡುಬೆಕ್ಕುಗಳು; ನೀರನ್ನು ಬೇಟೆಯ ಮಾಂಸದಿಂದಲೇ ಪಡೆಯುತ್ತಿದ್ದವು. ಇವತ್ತಿಗೂ ಬಾಯಾರಿಕೆ ಅದಕ್ಕೆ ಕಡಿಮೆ. ಬರೀ ಒಣ ಕಾಳು ತಿಂದು, ಎರಡು ಗುಟುಕು ನೀರು ಕುಡಿದು ದಿನ ಕಳೆಯುವ ಗಂಡು ಬೆಕ್ಕು ಒಂದು ದಿನ ಎಲ್ಲಿಗೆ ಬರುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. 80 ಗ್ರಾಮಿನ ಪೌಚ್ ಒಂದಕ್ಕೆ 45 ರೂಪಾಯಿ ಆಸುಪಾಸು. ದಿನಕ್ಕೊಂದು ಕೊಟ್ಟರೆ ಕಾಳು ಸೇರಿ ವರ್ಷಕ್ಕೆ 22 ಸಾವಿರ, ದಿನ ಬಿಟ್ಟು ದಿನ ಕೊಟ್ಟರೆ 15 ಸಾವಿರ. ನಿಮ್ಮ ಲೆಕ್ಕಕ್ಕೆ ನಾನು ಈ 15 ಸಾವಿರವನ್ನು ಹಿಡಿದಿದ್ದೇನೆ. ಈ ಪೊಟ್ಟಣಗಳ ಮೇಲೆ ಶೇ 18 ಜಿಎಸ್‌ಟಿ ಇದೆ. ಪಶುವೈದ್ಯರ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಸರ್ಕಾರಕ್ಕೂ ಬೆಕ್ಕು ಕಾಯಿಲೆ ಬಿದ್ದಾಗಷ್ಟೇ ಕನಿಕರ ಎಂದು ಕಾಣುತ್ತದೆ.

ಪೌಚ್ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರ ಓದಿ. ಪೂರ್ಣ ಆಹಾರ ಎಂದು ಬರೆದಿದ್ದರೆ ಊಟ, ಇಲ್ಲದಿದ್ದರೆ ತಿಂಡಿ. ಮಕ್ಕಳು ಬೆರಳಿನಲ್ಲಿ ಹಿಂಡಿ ನೆಕ್ಕಿಸುವ ಕೊಳವೆಯಂಥ ಪೊಟ್ಟಣಗಳಲ್ಲಿ ಹೆಚ್ಚಿನವು ತಿಂಡಿಯೇ. ಕೆಲವು ಅಂಗಡಿಗಳಲ್ಲಿ ದೊಡ್ಡ ಚೀಲ ಒಡೆದು ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಯಾಗಿ ತೂಗಿ ಕೊಡುತ್ತಾರೆ. ಅಗ್ಗವೇನೋ ಹೌದು, ಆದರೆ ಗಾಳಿ ತಾಗಿದ ಜಿಡ್ಡು ಕಮಟಿರುತ್ತದೆ, ತಯಾರಾದ ದಿನಾಂಕವೂ ಗೊತ್ತಾಗುವುದಿಲ್ಲ. ಅದನ್ನು ತರಬೇಡಿ. ಪಕ್ಕದ ಮನೆಯವರು ಪ್ರೀತಿಯಿಂದ ಕೊಡುವ ಕೋಳಿ ಸಾರಿನ ತುಂಡೂ ಬೇಡ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಊಟದ ನಂತರ ಲಿಟರ್, ಅಂದರೆ ಬೆಕ್ಕು ಮಲಮೂತ್ರ ಮಾಡಲೆಂದು ಡಬ್ಬಿಯಲ್ಲಿ ಹಾಕಿಡುವ ಮರಳಿನಂಥ ಪುಡಿ. ಹೊಸಬರು ಇದನ್ನು ಮರೆತೇ ಬಜೆಟ್ ಹಾಕುತ್ತಾರೆ. ಒದ್ದೆಯಾದಾಗ ಉಂಡೆ ಕಟ್ಟುವ ಬೆಂಟೊನೈಟ್ ಜೇಡಿಯ ಲಿಟರ್ ಒಂದು ಬೆಕ್ಕಿಗೆ ತಿಂಗಳಿಗೆ ಎಂಟು ಹತ್ತು ಕಿಲೋ ಬೇಕು. ತಿಂಗಳಿಗೆ 500ರಿಂದ 700 ರೂಪಾಯಿ, ವರ್ಷಕ್ಕೆ 7 ಸಾವಿರದ ಹತ್ತಿರ. ಈ ಜೇಡಿ ಗುಜರಾತಿನ ಕಛ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಪರಿಮಳ ಸೇರಿಸಿ, ಬಣ್ಣದ ಚೀಲದಲ್ಲಿ ತುಂಬಿದ ಮಾತ್ರಕ್ಕೆ ಬೆಲೆ ಎರಡರಷ್ಟಾಗುತ್ತದೆ. ಪರಿಮಳ ನಿಮ್ಮ ಮೂಗಿಗೆ, ಬೆಕ್ಕಿಗೆ ಅದು ಹಿಂಸೆ. ಕೆಲವು ಬೆಕ್ಕುಗಳು ಪರಿಮಳದ ಲಿಟರ್ ಬಿಟ್ಟು ಮಂಚದ ಮೇಲೆ ಹೋಗಲು ಶುರು ಮಾಡುತ್ತವೆ. ಪರಿಮಳವಿಲ್ಲದ ಸಾದಾ ಲಿಟರ್ ಕೊಳ್ಳಿ. ಉಳಿತಾಯವೆಂದು ಪಕ್ಕದ ಕಟ್ಟಡದಿಂದ ಎಂ-ಸ್ಯಾಂಡ್ ತರುವವರಿದ್ದಾರೆ. ಅದರ ದೂಳು ಮನೆಯೆಲ್ಲ ಹರಡುತ್ತದೆ, ವಾಸನೆ ತಡೆಯುವುದಿಲ್ಲ, ಉಂಡೆಯೂ ಕಟ್ಟುವುದಿಲ್ಲ.

ಉಂಡೆ ಕಟ್ಟಲೇಬೇಕು ಎಂದು ನಾನು ಪಟ್ಟು ಹಿಡಿಯುವುದಕ್ಕೆ ಸ್ವಚ್ಛತೆಗಿಂತ ದೊಡ್ಡ ಕಾರಣವಿದೆ. ದಿನಾ ಬೆಳಿಗ್ಗೆ ಜರಡಿ ಚಮಚದಲ್ಲಿ ಲಿಟರ್ ಸೋಸುವಾಗ ಎರಡು ಮೂರು ಮೂತ್ರದ ಉಂಡೆ ಸಿಗುತ್ತವೆ. ಅವುಗಳ ಗಾತ್ರ ನಿಮಗೆ ರೂಢಿಯಾಗುತ್ತದೆ. ಉಂಡೆಗಳು ದೊಡ್ಡದಾಗುತ್ತ ಹೋದರೆ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರಬಹುದು. ಗೋಲಿಯಷ್ಟು ಚಿಕ್ಕವು ಏಳೆಂಟು ಸಿಕ್ಕರೆ ಮೂತ್ರಕೋಶದ ಉರಿ. ಒಂದೂ ಇಲ್ಲದಿದ್ದರೆ ಆ ದಿನ ಕಚೇರಿಗೆ ರಜೆ ಹಾಕಿ ಆಸ್ಪತ್ರೆಗೆ ಹೊರಡಿ. ರಕ್ತಪರೀಕ್ಷೆಗೆ ಎರಡು ಸಾವಿರ ಕೊಡುವ ಮೊದಲು ಲಿಟರ್ ಡಬ್ಬಿ ಇಷ್ಟನ್ನು ಪುಕ್ಕಟೆಯಾಗಿ ಹೇಳುತ್ತದೆ. ಸೋಸಿದ್ದನ್ನು ಕಮೋಡಿಗೆ ಹಾಕಿ ನೀರು ಬಿಡಬೇಡಿ. ಜೇಡಿ ಕೊಳವೆಯೊಳಗೆ ಗಟ್ಟಿಯಾಗಿ ಕೆಳಗಿನ ಮನೆಯವರೊಂದಿಗೆ ಜಗಳವಾಗುತ್ತದೆ, ಪ್ಲಂಬರ್ ಖರ್ಚು ಬೇರೆ. ಹಸಿ ಕಸಕ್ಕೂ ಸೇರಿಸುವಂತಿಲ್ಲ. ಹೈಕೋರ್ಟ್ 2015ರಲ್ಲಿ ಬೆಂಗಳೂರಿಗೆ ವಿಧಿಸಿದ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯಲ್ಲಿ ಕೆಂಪು ಡಬ್ಬಿ ಇದೆಯಲ್ಲ, ಡೈಪರ್ ಹಾಕುವ ಡಬ್ಬಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಅದಕ್ಕೆ ಹಾಕಿ.

ಲಸಿಕೆಯ ಬಗ್ಗೆ ಚರ್ಚೆಯೇ ಬೇಡ. ಮರಿಗೆ ಎಂಟು ವಾರವಾದಾಗ ಮೂರು ರೋಗಗಳನ್ನು ತಡೆಯುವ ಲಸಿಕೆ, ಮೂರು ನಾಲ್ಕು ವಾರದ ಮೇಲೆ ಮತ್ತೊಮ್ಮೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಮೂರು ರೋಗಗಳ ಲಸಿಕೆಗೆ ಒಂದು ಸಲಕ್ಕೆ 800ರಿಂದ 1,200, ರೇಬಿಸಿಗೆ 300ರಿಂದ 500, ವೈದ್ಯರ ಶುಲ್ಕ ಬೇರೆ. ವರ್ಷಕ್ಕೆ 2,500 ಇಟ್ಟುಕೊಳ್ಳಿ. ಈ ಮೂರರಲ್ಲಿ ಒಂದು ಪ್ಯಾನ್‌ಲ್ಯುಕೊಪೇನಿಯಾ. 2023ರಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳನ್ನು ಬಲಿ ತೆಗೆದುಕೊಂಡ ವೈರಸ್ ಇದೇ. ಬೆಕ್ಕಿನ ಮರಿಗೆ ಬಂದರೆ ವಾಂತಿ ಭೇದಿಯಾಗಿ, ನೀರಿನ ಬಟ್ಟಲಿನ ಮೇಲೆ ತಲೆ ಇಳಿಬಿಟ್ಟುಕೊಂಡು ಕುಳಿತಿರುತ್ತದೆ. ಕುಡಿಯಲು ಮಾತ್ರ ಆಗುವುದಿಲ್ಲ. ಮನೆಯಿಂದ ಹೊರಗೆ ಹೋಗದ ಬೆಕ್ಕಿಗೆ ಲಸಿಕೆ ಏಕೆ ಎನ್ನುವವರಿಗೆ ನನ್ನ ಉತ್ತರ ಒಂದೇ: ನೀವು ಹೊರಗೆ ಹೋಗುತ್ತೀರಲ್ಲ? ಈ ವೈರಸ್ ಚಪ್ಪಲಿಗೆ ಅಂಟಿಕೊಂಡೇ ಬರುತ್ತದೆ, ನೆಲದ ಮೇಲೆ ತಿಂಗಳುಗಟ್ಟಲೆ ಸಾಯುವುದಿಲ್ಲ.

ಜಂತುಹುಳುವಿನ ಔಷಧಿ, ಚಿಗಟಕ್ಕೆ ಕುತ್ತಿಗೆಯ ಹಿಂದೆ ಹಾಕುವ ಹನಿ, ಎರಡೂ ಸೇರಿ ವರ್ಷಕ್ಕೆ 1,500. ಆಟಿಕೆ, ಬ್ರಷ್, ಚಿಲ್ಲರೆ ಖರ್ಚಿಗೆ ಇನ್ನೊಂದು 1,500. ಆಟಿಕೆಗೆ ಇದಕ್ಕಿಂತ ಹೆಚ್ಚು ಕೊಡಬೇಡಿ, ಬೆಕ್ಕು ಆಡುವುದು ಆಟಿಕೆ ಬಂದ ರಟ್ಟಿನ ಪೆಟ್ಟಿಗೆಯ ಜೊತೆ. ಉಗುರು ಕೆರೆಯುವ ಕಂಬಕ್ಕೆ ಅಂಗಡಿಯಲ್ಲಿ ಸಾವಿರ ಕೇಳುತ್ತಾರೆ. ಒಂದು ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿದರೆ ಅದೇ ಕಂಬ.

ನಿಮ್ಮಂಥ ಮನೆಗಳಿಗೆ ಇನ್ನೊಂದು ಖರ್ಚಿದೆ, ದಸರೆಗೋ ಯುಗಾದಿಗೋ ಊರಿಗೆ ಹೋಗುವುದು. ಬೆಕ್ಕನ್ನು ಬೋರ್ಡಿಂಗಿನಲ್ಲಿ ಬಿಟ್ಟರೆ ದಿನಕ್ಕೆ 500ರಿಂದ 800 ರೂಪಾಯಿ. ವರ್ಷಕ್ಕೆ ಹತ್ತು ದಿನವೆಂದರೂ 6 ಸಾವಿರ. ಹಬ್ಬದ ಸಮಯದಲ್ಲಿ ಜಾಗ ಸಿಗುವುದೂ ಕಷ್ಟ. ಬೆಕ್ಕು ಮನುಷ್ಯರಿಗಿಂತ ಜಾಗಕ್ಕೆ ಹೆಚ್ಚು ಅಂಟಿಕೊಳ್ಳುವ ಪ್ರಾಣಿಯಾದ್ದರಿಂದ, ದಿನಕ್ಕೆರಡು ಸಲ ಮನೆಗೆ ಬಂದು ಊಟ ನೀರು ಲಿಟರ್ ನೋಡಿಕೊಳ್ಳುವ ನಂಬಿಕೆಯವರು ಅದೇ ಬೀದಿಯಲ್ಲಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಣವೂ ಉಳಿಯುತ್ತದೆ. ನಾಲ್ಕು ದಿನಕ್ಕಾಗುವಷ್ಟು ಕಾಳು ಸುರಿದು ಬೀಗ ಹಾಕಿಕೊಂಡು ಹೋಗುವುದು ಮಾತ್ರ ಸಲ್ಲದು.

ಇಷ್ಟನ್ನೂ ಕೂಡಿಸಿದರೆ 33,500 ಆಗುತ್ತದೆ. ಪೌಚ್ ಬಿಟ್ಟು, ಬೋರ್ಡಿಂಗ್ ಬಿಟ್ಟು, ಎಲ್ಲದರಲ್ಲೂ ಅಗ್ಗದ್ದನ್ನೇ ಆರಿಸಿದರೆ 17 ಸಾವಿರಕ್ಕೂ ಇಳಿಸಬಹುದು. ಹಾಗೆ ಸಾಕುವವರನ್ನು ನಾನು ದೂರುವುದಿಲ್ಲ. ಆದರೆ ಉಳಿಸಬಾರದ ಕಡೆ ಉಳಿಸಿದ ಹಣ ಎರಡು ಮೂರು ವರ್ಷದಲ್ಲಿ ದುಪ್ಪಟ್ಟಾಗಿ ನಮ್ಮಂಥವರ ಕೈ ಸೇರುತ್ತದೆ. ಅಂಥವು ಯಾವುವು ಎಂದು ಹೇಳುತ್ತೇನೆ.

ಒಂದು, ಕಿಟಕಿಯ ಬಲೆ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲೂರಿ ಬೀಳುತ್ತದೆ ಎಂಬ ನಂಬಿಕೆ ಅರ್ಧ ನಿಜ. ಕಾಲೂರಿ ಬೀಳುತ್ತದೆ, ಆ ಕಾಲು ಮುರಿಯುತ್ತದೆ. ಗದ್ದ ನೆಲಕ್ಕೆ ಬಡಿದು ಅಂಗುಳ ಸೀಳುತ್ತದೆ, ಎದೆಗೂಡಿನೊಳಗೆ ಪೆಟ್ಟಾಗುತ್ತದೆ. ನಮ್ಮ ಮನೆಗಳ ಕಿಟಕಿಯ ಗ್ರಿಲ್ ಕಳ್ಳರಿಗಾಗಿ ಮಾಡಿದ್ದು, ಬೆಕ್ಕಿನ ತಲೆ ತೂರಿದರೆ ಮೈಯೂ ತೂರಿದಂತೆ. ಮೂಳೆಗೆ ತಂತಿ, ಪ್ಲೇಟು ಹಾಕುವ ಶಸ್ತ್ರಚಿಕಿತ್ಸೆ 25 ಸಾವಿರದಿಂದ ಶುರುವಾಗುತ್ತದೆ. ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಲು ಚದರ ಅಡಿಗೆ 20 ರೂಪಾಯಿ ಆಸುಪಾಸು. ಎರಡು ಕೋಣೆಯ ಮನೆಗೆ ಮೂರು ನಾಲ್ಕು ಸಾವಿರದಲ್ಲಿ ಮುಗಿಯುತ್ತದೆ. ನೈಲಾನ್ ಬಲೆಯನ್ನು ಕೆಲವು ಬೆಕ್ಕುಗಳು ಕಡಿಯುತ್ತವೆ, ಆರು ತಿಂಗಳಿಗೊಮ್ಮೆ ಮೂಲೆಗಳನ್ನು ಎಳೆದು ನೋಡಬೇಕು.

ಎರಡನೆಯದು ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಎರಡು ತಿಂಗಳ ಚಿಲ್ಲರೆ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬೆದೆಗೆ ಬರುವುದೂ ಉಂಟು. ರಾತ್ರಿಯಿಡೀ ಅದು ಕೂಗುವ ಕೂಗಿಗೆ ಮನೆ ಮಾಲೀಕರು ಬಾಗಿಲು ತಟ್ಟುತ್ತಾರೆ. ಗಂಡಾದರೆ ಗೋಡೆ, ಪರದೆ, ನಿಮ್ಮ ಲ್ಯಾಪ್‌ಟಾಪ್ ಚೀಲ ಎಲ್ಲದಕ್ಕೂ ಮೂತ್ರ ಚಿಮ್ಮಿಸಿ ಗಡಿ ಗುರುತಿಸುತ್ತದೆ. ಖಾಸಗಿ ಕ್ಲಿನಿಕ್ಕುಗಳಲ್ಲಿ ಗಂಡಿಗೆ ಮೂರರಿಂದ ಐದು ಸಾವಿರ, ಹೆಣ್ಣಿಗೆ ನಾಲ್ಕರಿಂದ ಎಂಟು ಸಾವಿರ. ಚಿಕ್ಕ ವಯಸ್ಸಿನಲ್ಲೇ ಮಾಡಿಸಿದರೆ ಹೆಣ್ಣು ಬೆಕ್ಕಿಗೆ ಮುಂದೆ ಸ್ತನದ ಗೆಡ್ಡೆ ಬರುವ ಸಂಭವ ಬಹಳ ಕಡಿಮೆಯಾಗುತ್ತದೆ, ಬೆಕ್ಕಿನಲ್ಲಿ ಆ ಗೆಡ್ಡೆ ಹೆಚ್ಚಾಗಿ ಕ್ಯಾನ್ಸರೇ. ‘ಒಂದು ಸಲವಾದರೂ ತಾಯಿಯಾಗಲಿ’ ಎಂದು ಕೇಳಿಕೊಳ್ಳುವವರಿಗೆ ಆ ನಾಲ್ಕು ಮರಿಗಳನ್ನು ನೀವೇ ಸಾಕುತ್ತೀರಾ ಎಂದು ಕೇಳುತ್ತೇನೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ಮೂರನೆಯದು ನೀರು, ಅಂದರೆ ಮೂತ್ರ. ನನ್ನ ಕ್ಲಿನಿಕ್ಕಿಗೆ ಇದು ಮೇಲಿಂದ ಮೇಲೆ ಬರುತ್ತದೆ, ಪ್ರತಿ ಸಲವೂ ಕಥೆ ಒಂದೇ. ಗಂಡು ಬೆಕ್ಕು, ವಯಸ್ಸು ಮೂರೋ ನಾಲ್ಕೋ, ಸ್ವಲ್ಪ ದಪ್ಪ, ಊಟ ಬರೀ ಒಣ ಕಾಳು. ಲಿಟರ್ ಡಬ್ಬಿಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಏಳುತ್ತದೆ, ಮತ್ತೆ ಹೋಗಿ ಕೂರುತ್ತದೆ. ಮನೆಯವರು ಮಲಬದ್ಧತೆ ಎಂದುಕೊಂಡು ಒಂದು ಚಮಚ ಹರಳೆಣ್ಣೆ ಕುಡಿಸಿ ಎರಡು ದಿನ ಕಾಯುತ್ತಾರೆ. ಮೇಜಿನ ಮೇಲಿಟ್ಟು ಹೊಟ್ಟೆಯಡಿ ಕೈ ಹಾಕಿದರೆ ಮೂತ್ರಕೋಶ ಮೂಸಂಬಿಯಷ್ಟಾಗಿ ಬಿಗಿದುಕೊಂಡಿರುತ್ತದೆ. ಮುಟ್ಟಿದರೆ ಬೆಕ್ಕು ಕಿರುಚುತ್ತದೆ, ಇಲ್ಲವೇ ಕಿರುಚುವ ಶಕ್ತಿಯೂ ಉಳಿದಿರುವುದಿಲ್ಲ. ಸಣ್ಣ ಹರಳು, ಲೋಳೆ ಸೇರಿ ಮೂತ್ರನಾಳ ಕಟ್ಟಿಕೊಂಡಿರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ನಿಧಾನವಾಗುತ್ತದೆ. ಪೂರ್ತಿ ಕಟ್ಟಿಕೊಂಡ ಬೆಕ್ಕಿಗೆ ಇರುವುದು ಒಂದೆರಡು ದಿನ ಮಾತ್ರ. ಅರಿವಳಿಕೆ ಕೊಟ್ಟು ಕೊಳವೆ ಹಾಕಿ, ಡ್ರಿಪ್ ಕೊಟ್ಟು, ಎರಡು ಮೂರು ದಿನ ಒಳರೋಗಿಯಾಗಿ ಇಟ್ಟುಕೊಂಡರೆ ಬಿಲ್ಲು 12ರಿಂದ 25 ಸಾವಿರ. ಮತ್ತೆ ಮರುಕಳಿಸುವುದೂ ಉಂಟು. ದಿನ ಬಿಟ್ಟು ದಿನದ ಪೌಚಿಗೆ ವರ್ಷಕ್ಕೆ 8 ಸಾವಿರ ಹೆಚ್ಚು ಕೊಡಿ ಎಂದು ನಾನು ಹೇಳಿದ್ದು ಇದಕ್ಕೇ. ಪೌಚ್ ಕೊಟ್ಟರೆ ಕಟ್ಟಿಕೊಳ್ಳುವುದೇ ಇಲ್ಲ ಎಂದಲ್ಲ, ಸಂಭವ ತಗ್ಗುತ್ತದೆ. ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ, ಎರಡು ಮೂರು ಕಡೆ, ಅಗಲವಾದ ಪಾತ್ರೆಯಲ್ಲಿ ಇಡಿ.

ಖರ್ಚಿಲ್ಲದೆ ತಪ್ಪಿಸಬಹುದಾದ ಬಿಲ್ಲುಗಳೂ ಇವೆ. ನಿಮ್ಮದು ಪೂಜೆ ಪುನಸ್ಕಾರದ ಮನೆಯೂ ಆಗಿದ್ದರೆ ಒಂದನ್ನು ವಿಶೇಷವಾಗಿ ಹೇಳಬೇಕು: ಹೂವಿನ ದಾರ. ದೇವರ ಪಟದಿಂದ ತೆಗೆದ ಬಾಡಿದ ಮಾಲೆಯ ದಾರದೊಂದಿಗೆ ಬೆಕ್ಕು ಆಡುತ್ತ ಆಡುತ್ತ ನುಂಗಲು ಶುರು ಮಾಡುತ್ತದೆ. ಅದರ ನಾಲಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಉಗುಳಲು ಬರುವುದಿಲ್ಲ. ಒಂದು ತುದಿ ನಾಲಗೆಯ ಬುಡಕ್ಕೆ ಸಿಕ್ಕಿಕೊಂಡು ಇನ್ನೊಂದು ತುದಿ ಕರುಳಿಗಿಳಿದರೆ ಕರುಳು ನೆರಿಗೆ ನೆರಿಗೆಯಾಗಿ ಸೇರಿಕೊಳ್ಳುತ್ತದೆ, ಕೊನೆಗೆ ದಾರವೇ ಕರುಳನ್ನು ಕೊಯ್ಯುತ್ತದೆ. ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ 20 ಸಾವಿರಕ್ಕೆ ಕಡಿಮೆಯಿಲ್ಲ. ಬಾಯಿಯಲ್ಲೋ ಹಿಂದೆಯೋ ದಾರದ ತುದಿ ಕಂಡರೆ ಎಳೆಯಬೇಡಿ, ಹಾಗೆಯೇ ಕರೆತನ್ನಿ. ಹುಟ್ಟುಹಬ್ಬಕ್ಕೆ ಬರುವ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಬಾಗಿಲಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಮೈಗೆ ಮೆತ್ತಿದ ಅದರ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಮೂತ್ರಪಿಂಡ ಕೈಕೊಡುತ್ತದೆ. ಜ್ವರವೆಂದು ಅರ್ಧ ಪ್ಯಾರಸಿಟಮಾಲ್ ಮಾತ್ರೆ ತಿನ್ನಿಸಿದರೆ ಬೆಕ್ಕು ಉಳಿಯುವುದು ಕಷ್ಟ, ಅದನ್ನು ಅರಗಿಸುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಬಲವಾಗಿಲ್ಲ. ನಾಯಿಯ ಉಣ್ಣೆಹುಳುವಿಗೆಂದು ಮಾರುವ ಪರ್ಮೆತ್ರಿನ್ ಹನಿಯೂ ಬೆಕ್ಕಿಗೆ ವಿಷವೇ.

ಇನ್ನು ನಿಮ್ಮ ಕಚೇರಿಯವರ ಲಕ್ಷ ರೂಪಾಯಿ. ಅವರ ಮನೆಯಲ್ಲಿರುವುದು ಪರ್ಷಿಯನ್ ಬೆಕ್ಕು ಎಂದು ನಾನು ಬಾಜಿ ಕಟ್ಟಬಲ್ಲೆ. ಆ ಉದ್ದ ಕೂದಲು ಗಂಟು ಕಟ್ಟದಿರಲು ದಿನಾ ಬಾಚಬೇಕು, ಸಮಯವಿಲ್ಲದವರು ತಿಂಗಳಿಗೊಮ್ಮೆ ಗ್ರೂಮಿಂಗಿಗೆ ಕಳಿಸುತ್ತಾರೆ, ಒಂದು ಸಲಕ್ಕೆ ಸಾವಿರದ ಮೇಲೆ. ಚಪ್ಪಟೆ ಮೂಗಿನಿಂದಾಗಿ ಕಣ್ಣೀರು ಸುರಿಯುತ್ತದೆ, ಬೇಸಿಗೆಯಲ್ಲಿ ಉಸಿರಾಟಕ್ಕೆ ಕಷ್ಟ, ಹವಾನಿಯಂತ್ರಣದ ವಿದ್ಯುತ್ ಬಿಲ್ಲು. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ವಂಶವಾಹಿ ಕಾಯಿಲೆ ಈ ತಳಿಯಲ್ಲಿ ಸಾಮಾನ್ಯ. ಇದರ ಮೇಲೆ ದುಬಾರಿ ಆಹಾರ ಸೇರಿದರೆ ಲಕ್ಷ ದಾಟುವುದು ದೊಡ್ಡ ಮಾತಲ್ಲ. ಹತ್ತು ಹದಿನೈದು ಸಾವಿರ ಕೊಟ್ಟು ಅಂಥದ್ದನ್ನು ಕೊಳ್ಳುವ ಬದಲು ನಾಡ ಬೆಕ್ಕಿನ ಮರಿಯನ್ನು ದತ್ತು ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. 1991ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕ್ಯುಪಾದಂಥ ಪ್ರಾಣಿ ಕಲ್ಯಾಣ ಸಂಸ್ಥೆಗಳಲ್ಲಿ ವಿಚಾರಿಸಿ. ಮಳೆಗಾಲದಲ್ಲಂತೂ ಪಾರ್ಕಿಂಗ್ ಜಾಗದಲ್ಲಿ, ಸ್ಕೂಟರಿನ ಕೆಳಗೆ ಮರಿಗಳು ತಾವಾಗಿಯೇ ಸಿಗುತ್ತವೆ.

ಖಾಸಗಿ ಆಸ್ಪತ್ರೆಯ ದರ ಭಾರವೆನಿಸಿದರೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಸಾಲಿನಲ್ಲಿ ಕಾಯಬೇಕು, ಸುತ್ತ ನಾಯಿಗಳ ಗದ್ದಲ, ಆದರೆ ಕೆಲಸ ತಿಳಿದವರಿದ್ದಾರೆ, ಖರ್ಚು ಕಡಿಮೆ. ಬುಟ್ಟಿಯ ಮೇಲೆ ಒಂದು ಟವಲ್ ಹೊದಿಸಿಕೊಂಡು ಹೋಗಿ, ಬೆಕ್ಕು ಶಾಂತವಾಗಿರುತ್ತದೆ. ತುರ್ತು ಕಾಯಿಲೆಗಳು ಮಾತ್ರ ರಾತ್ರಿ ಹನ್ನೊಂದಕ್ಕೇ ಬರುತ್ತವೆ, ಆಗ ಇಪ್ಪತ್ತನಾಲ್ಕು ಗಂಟೆಯ ಖಾಸಗಿ ಆಸ್ಪತ್ರೆಯೇ ಗತಿ. ತಿಂಗಳಿಗೆ ಸಾವಿರ ತೆಗೆದಿಡಿ ಎಂದದ್ದು ಆ ರಾತ್ರಿಗಾಗಿ. ಅದನ್ನು ಅಂಚೆ ಕಚೇರಿಯ ಆರ್.ಡಿ.ಯಲ್ಲಿ ಹಾಕಬೇಡಿ, ಅದರ ಅವಧಿ ಐದು ವರ್ಷ, ಬೇಕೆಂದಾಗ ಹಣ ಕೈಗೆ ಬರುವುದಿಲ್ಲ. ಸಾದಾ ಉಳಿತಾಯ ಖಾತೆಯೇ ಸಾಕು. ಮೊದಲ ಏಳೆಂಟು ವರ್ಷ ಕೈಹಾಕುವ ಪ್ರಸಂಗ ಬರದಿದ್ದರೆ ಸಂತೋಷ, ಹತ್ತು ದಾಟಿದ ಮೇಲೆ ಹೇಗೂ ಬೇಕಾಗುತ್ತದೆ. ಹಲ್ಲು ಸ್ವಚ್ಛ ಮಾಡಿಸಲು ಬೆಕ್ಕಿಗೆ ಅರಿವಳಿಕೆ ಕೊಡಲೇಬೇಕು, ಅದಕ್ಕೆ ಎಂಟು ಹತ್ತು ಸಾವಿರ. ಮುದಿ ಬೆಕ್ಕಿಗೆ ಮೂತ್ರಪಿಂಡ ಸೋಲುವುದು ತೀರಾ ಸಾಮಾನ್ಯ. ಆಗ ಪಥ್ಯದ ಆಹಾರ, ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಮನೆಯಲ್ಲೇ ಚರ್ಮದಡಿ ಕೊಡುವ ಡ್ರಿಪ್ ಎಂದು ವರ್ಷದ ಖರ್ಚು ಇಮ್ಮಡಿಯಾಗುತ್ತದೆ.

ಕೊನೆಯದಾಗಿ ಬಾಡಿಗೆ ಮನೆಯ ವಿಷಯ. ನಿವಾಸಿಗಳ ಸಂಘಗಳು ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೆ ನಿಮ್ಮ ಮನೆ ಮಾಲೀಕರು ಕರಾರಿನಲ್ಲಿ ಏನು ಬರೆಸಿಕೊಂಡಿದ್ದಾರೆ ಎಂಬುದು ಬೇರೆಯೇ ಸಂಗತಿ. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿ ಈ ಊರಿನಲ್ಲಿದ್ದೇ ಇದೆ. ಬಾಗಿಲಿನ ಚೌಕಟ್ಟಿನ ಮೇಲೆ ಉಗುರಿನ ಗೀರು ಕಂಡರೆ ಇನ್ನಷ್ಟು ಮುರಿದುಕೊಳ್ಳಲು ನೆಪ ಸಿಗುತ್ತದೆ. ಮರಿ ತರುವ ಮೊದಲೇ ಅವರಿಗೆ ತಿಳಿಸಿ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ವಾಟ್ಸ್ಆ್ಯಪ್ ಸಂದೇಶವಾದರೂ ಸರಿ. ಬಲೆಯ ಕೊಕ್ಕೆಗೆ ಗೋಡೆ ಕೊರೆಯಲೂ ಅದೇ ಸಂದೇಶದಲ್ಲಿ ಅನುಮತಿ ಕೇಳಿಬಿಡಿ. ಬಲೆ ಹಾಕುವವರು ಬಂದು ಹೋದ ಮೇಲೆ, ಮಗಳಿಗೆ ರಜೆ ಶುರುವಾಗುವ ವಾರ ಮರಿಯನ್ನು ಕರೆತನ್ನಿ. ಮೊದಲ ಹತ್ತು ದಿನ ಮನೆಯಲ್ಲಿ ಯಾರಾದರೂ ಇರಬೇಕು.